ಆಯಿತೇ?

ನಮ್ಮ ಮನೆಯಲ್ಲಿ ಬೆಳಗ್ಗೆ ಎದ್ದವರು ಮೊದಲು ಕೇಳುವ ಪ್ರಶ್ನೆ ‘ಕಾಫಿ ಆಯಿತೇ?’ ಎಂಬುದು. ಈಚೆಗೆ ಹನ್ನೊಂದು ದಿನ ಅದರಿಂದ ಕಾಫಿ ಬಿದ್ದುಹೋಗಿ ಬರಿಯ ‘ಆಯಿತೇ?’ ಉಳಿದಿತ್ತು. ಕೇಳುತ್ತಿದ್ದುದು ಆಮೆಯ ವಿಷಯ. ಉತ್ತರ ಹೇಳಬೇಕಾದವನು ನಾನು, ಏಕೆಂದರೆ ತೊಟ್ಟಿಯ ನೀರಿಗೆ ಟಾರ್ಚ್ ಬಿಟ್ಟು ಹುಡುಕುವ ಕೆಲಸ ನನ್ನ ಪಾಲಿಗೆ ಬಂದಿತ್ತು.

ಮಗಳು ಹುಟ್ಟುಹಬ್ಬಕ್ಕೆ ನಾಯಿ ಕೇಳಿದ್ದಳು. ನಾನು ಆಗದು ಎಂದೆ. ಸಂಧಾನದಲ್ಲಿ ಆಮೆ ಬಂತು. ಅಂಗೈಯಗಲದ ಜೀವ, ಕಣ್ಣಿನ ಹಿಂದೆ ಕುಂಕುಮ ಎಳೆದ ಹಾಗೆ ಒಂದೊಂದು ಕೆಂಪು ಪಟ್ಟೆ. ರೆಡ್ ಇಯರ್ಡ್ ಸ್ಲೈಡರ್ ಎಂದು ಹೆಸರು, ಮಿಸಿಸಿಪ್ಪಿ ನದಿಯ ಸೀಮೆಯ ಜಾತಿ. ಅಮ್ಮ ಮಾತ್ರ ‘ಲಕ್ಷ್ಮಿ ಬರುತ್ತಾಳೆ’ ಎಂದರು. ಲಕ್ಷ್ಮಿ ಹೋದ ದಾರಿಯ ಲೆಕ್ಕ ನನ್ನ ಬಳಿ ಇದೆ. ‘ಏನೂ ರಗಳೆ ಇಲ್ಲ ಸಾರ್, ಸ್ವಲ್ಪ ನೀರು, ಚಿಟಿಕೆ ಒಣ ಸಿಗಡಿ’ ಎಂದ ಅಂಗಡಿಯವನು, ಇದು ಮೂವತ್ತು ವರ್ಷ ಬದುಕಬಹುದು, ಊಟದ ತಟ್ಟೆಯಷ್ಟು ಬೆಳೆಯಬಹುದು ಎಂಬುದನ್ನು ನುಂಗಿಕೊಂಡಿದ್ದ. ಸಿಗಡಿಯ ಡಬ್ಬಿಯನ್ನು ಅಮ್ಮ ಅದೇ ದಿನ ಚಪ್ಪಲಿ ಗೂಡಿಗೆ ಗಡೀಪಾರು ಮಾಡಿದರು.

ನಾನು ಗಾಜಿನ ತೊಟ್ಟಿ ತಂದೆ. ತಳಕ್ಕೆ ಬಣ್ಣಬಣ್ಣದ ಕಲ್ಲು ಹರಡಿದೆ, ನಡುವೆ ಪ್ಲಾಸ್ಟಿಕ್ ತೆಂಗಿನ ಮರ ನೆಟ್ಟೆ, ಪೂರ್ವದ ಕಿಟಕಿಯ ಬಳಿ ಇಟ್ಟೆ. ಬೆಳಗಿನ ಬಿಸಿಲು ನೇರ ಬೆನ್ನಿಗೆ ಬೀಳುತ್ತಿತ್ತು. ಎಂಥ ಜಾಗ ಹುಡುಕಿದೆ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಇನ್ನು ಅದರ ಹಸಿವು. ಯಾರು ಹಾದುಹೋದರೂ ಗಾಜಿಗೆ ಮೂತಿ ಒತ್ತಿ, ಮದುವೆ ಮನೆಯಲ್ಲಿ ಮೂರನೆಯ ಪಂಕ್ತಿಗೂ ಜಾಗ ಸಿಗದವರ ಹಾಗೆ ನೋಡುತ್ತಿತ್ತು. ನಾಲ್ವರೂ ಕರಗಿದೆವು. ಒಬ್ಬರು ಹಾಕಿದ್ದು ಇನ್ನೊಬ್ಬರಿಗೆ ಗೊತ್ತಿಲ್ಲ. ಅಮ್ಮ ಕೂಡ ಕಣ್ಣು ಬೇರೆ ಕಡೆ ತಿರುಗಿಸಿಕೊಂಡು ಎರಡು ಸಿಗಡಿ ಎಸೆಯುತ್ತಿದ್ದರು ಎಂಬುದು ಆಮೇಲೆ ತಿಳಿಯಿತು. ಮಾಗಿಯ ಚಳಿ ಬಿದ್ದ ಮೇಲೆ ಆಮೆ ತಿನ್ನುವುದನ್ನು ನಿಲ್ಲಿಸಿತು. ಹೊರಕ್ಕೆ ಹಾಕುವುದನ್ನು ಅದಕ್ಕೂ ಮೊದಲೇ ನಿಲ್ಲಿಸಿತ್ತು.

ವೈದ್ಯರು ಚಿಪ್ಪಿನ ಅಂಚನ್ನು ಹೆಬ್ಬೆರಳಿನಿಂದ ಒತ್ತಿದರು. ಅದು ತುಸು ಬಾಗಿತು. ‘ಬಿಸಿಲು ಎಲ್ಲಿ ಕಾಯುತ್ತದೆ?’

‘ಕಿಟಕಿಯ ಹತ್ತಿರ.’

‘ಗಾಜು ತೆರೆದಿರುತ್ತದೆಯೋ?’

‘ಇಲ್ಲ ಡಾಕ್ಟರೇ, ಚಳಿಯಲ್ಲವೇ?’

ಅವರು ಪೆನ್ನು ಕೆಳಗಿಟ್ಟರು. ಬಿಸಿಲಿನಲ್ಲಿ ಚಿಪ್ಪು ಗಟ್ಟಿಮಾಡುವ ಅಂಶ ಯುವಿಬಿ ಕಿರಣವಂತೆ. ಅದು ಮೈಗೆ ಬಿದ್ದರೆ ಡಿ3 ಜೀವಸತ್ವ, ಅದಿದ್ದರೆ ತಿಂದ ಸುಣ್ಣ ಮೈಗೆ ಹತ್ತುತ್ತದೆ. ಕಿಟಕಿಯ ಗಾಜು ಬೆಳಕನ್ನು ಒಳಗೆ ಬಿಟ್ಟು ಆ ಕಿರಣವನ್ನು ಬಾಗಿಲಲ್ಲೇ ತಡೆಯುತ್ತದೆ. ಅಂದರೆ ಇಷ್ಟು ತಿಂಗಳು ನಾನು ಅದಕ್ಕೆ ತೋರಿಸಿದ್ದು ಬಿಸಿಲಿನ ಸಿನಿಮಾ. ‘ನಮ್ಮ ಜಠರಾಗ್ನಿ ಹೊಟ್ಟೆಯಲ್ಲಿದೆ, ಇದರದ್ದು ಆಕಾಶದಲ್ಲಿದೆ’ ಎಂದರು ವೈದ್ಯರು. ತಣ್ಣನೆಯ ರಕ್ತದ ಪ್ರಾಣಿ. ಮೈ ಕಾಯದಿದ್ದರೆ ತಿಂದದ್ದು ಅರಗದೆ ಕರುಳಲ್ಲೇ ಕೂರುತ್ತದೆ, ಕೊಳೆಯುವುದೂ ಉಂಟು. ಈಜುವ ನೀರು 25 ಡಿಗ್ರಿ ಇರಬೇಕು, ಹತ್ತಿ ಕೂರಲು ಒಣ ಕಟ್ಟೆ ಬೇಕು, ಅಲ್ಲಿ 32 ಡಿಗ್ರಿ ಇರಬೇಕು. ಊಟ ಅದರ ತಲೆಯ ಗಾತ್ರ ಮೀರಬಾರದು. ನಾವು ನಾಲ್ವರು ಸೇರಿ ಹಾಕುತ್ತಿದ್ದುದು ನನ್ನ ತಲೆಯ ಗಾತ್ರ.

ಎಕ್ಸ್‌ರೇಯಲ್ಲಿ ತೊಗರಿಕಾಳಿನಷ್ಟು ದೊಡ್ಡ ಬಿಳಿ ಚುಕ್ಕೆ ಕಂಡಿತು. ‘ಬಣ್ಣದ ಕಲ್ಲು ಹಾಕಿದ್ದೀರಾ?’ ನಾನು ಹೆಂಡತಿಯ ಮುಖ ನೋಡಿದೆ. ಅವಳು ಗೋಡೆಯ ಕ್ಯಾಲೆಂಡರ್ ನೋಡಿದಳು.

ಅಂದಿನಿಂದ ದಿನವೂ ಉಗುರು ಬೆಚ್ಚಗಿನ ನೀರಿನಲ್ಲಿ ಇಪ್ಪತ್ತು ನಿಮಿಷ ಸ್ನಾನ. ಬಾಣಂತಿಗೂ ಅಷ್ಟು ಹದವಾಗಿ ಯಾರೂ ನೀರು ಕಾಯಿಸಿರಲಾರರು. ಯುವಿಬಿ ಬಲ್ಬಿಗೆ ಹಣ ಕಟ್ಟಿದ್ದೆ, ಬರಲು ವಾರವಾಗುತ್ತಿತ್ತು. ಅಷ್ಟರಲ್ಲಿ ಶಿವರಾತ್ರಿ ಕಳೆದು, ಚಳಿ ಶಿವಶಿವ ಎಂದು ಹೊರಟಿತು. ಅಮ್ಮ ಸಂಡಿಗೆಯ ಹಿಟ್ಟು ಕಾಯಿಸಿದರು.

ತಾರಸಿಯ ಮೇಲೆ ಹಳೆಯ ಪಂಚೆ ಹಾಸಿ ಸಬ್ಬಕ್ಕಿ ಸಂಡಿಗೆ ಇಟ್ಟಾಯಿತು. ಕಾಗೆ ಕಾಯಲು ನನ್ನನ್ನು ನೇಮಿಸಲಾಯಿತು. ಬಿಸಿಲು ಬೇಕಾದವರು ಇಬ್ಬರು, ಕಾವಲಿಗೆ ಒಬ್ಬ. ಹಾಗಾಗಿ ಆಮೆಯನ್ನೂ ಬೇಸಿನ್ ಸಮೇತ ಹೊತ್ತು ತಂದೆ. ಅತಿಯಾಗಿ ಕಾಯ್ದರೂ ಸಾಯುತ್ತದೆ ಎಂದಿದ್ದರು. ಅರ್ಧಕ್ಕೆ ಅಡಿಕೆ ಹಾಳೆ ಮುಚ್ಚಿ ನೆರಳು ಮಾಡಿದೆ. ಕೂರಲು ಇಟ್ಟಿಗೆ ಇಟ್ಟೆ. ಅದನ್ನು ಅಂಚಿಗೆ ತಾಗಿಸಿ ಇಟ್ಟದ್ದು ನನ್ನ ವಾಸ್ತುಜ್ಞಾನ. ಕಾಗೆ ಬರಲಿಲ್ಲ. ಬಂದದ್ದು ನಿದ್ದೆ.

ಕಣ್ಣು ಬಿಟ್ಟಾಗ ಬೇಸಿನ್ ಖಾಲಿ. ಇಟ್ಟಿಗೆ ಹತ್ತಿ ಇಳಿದವರ ಹೆಜ್ಜೆ ಪಂಚೆಯ ಮೇಲೆ ಸ್ಪಷ್ಟವಾಗಿತ್ತು. ಅರೆಒಣಗಿದ ಸಂಡಿಗೆಗಳ ಮೇಲೆ ಎರಡು ಸಾಲು ಉಗುರಿನ ಗುರುತು, ನಡುವೆ ಬಾಲ ಎಳೆದ ಗೆರೆ, ನೋಡಲು ಸೀರೆಯ ಅಂಚಿನ ಹಾಗೆ. ಗೆರೆಯ ಕೊನೆಯಲ್ಲಿ, ಪಂಚೆಯ ನಟ್ಟನಡುವೆ, ಆಮೆ ಕತ್ತು ನೀಳವಾಗಿ ಎತ್ತಿ, ಹಿಂಗಾಲುಗಳನ್ನು ರೆಕ್ಕೆಯ ಹಾಗೆ ಚಾಚಿ, ಕಣ್ಣು ಮುಚ್ಚಿ ಬಿಸಿಲು ಕಾಯುತ್ತಿತ್ತು. ಅಷ್ಟು ತೃಪ್ತವಾದ ಮುಖ ನಮ್ಮ ಮನೆಯಲ್ಲಿ ಯಾರದ್ದೂ ಇಲ್ಲ. ಅದರ ಹಿಂದೆ, ಎರಡು ಸಂಡಿಗೆಗಳ ನಡುವೆ, ಹನ್ನೊಂದು ದಿನದ ಬಾಕಿ ಚುಕ್ತಾ ಆಗಿತ್ತು. ಒಳಗೊಂದು ನೀಲಿ ಕಲ್ಲು ಮಿನುಗುತ್ತಿತ್ತು.

ಸಂತೋಷದ ಬೆನ್ನಿಗೇ ಸಾಲ್ಮೊನೆಲ್ಲಾ ನೆನಪಾಯಿತು. ಆಮೆಯ ಹಿಕ್ಕೆಯಲ್ಲಿರುವ ಆ ರೋಗಾಣುವಿಗೆ ಹೆದರಿ ಅಮೆರಿಕದಲ್ಲಿ ನಾಲ್ಕು ಅಂಗುಲಕ್ಕಿಂತ ಚಿಕ್ಕ ಆಮೆಗಳ ಮಾರಾಟವನ್ನು 1975ರಲ್ಲೇ ನಿಷೇಧಿಸಿದ್ದಾರೆ. ಪಂಚೆಯಷ್ಟೂ ಸಂಡಿಗೆ ಕಸದ ಬುಟ್ಟಿಗೆ ಹೋಗಲೇಬೇಕು. ಅಮ್ಮನಿಗೆ ಹೇಳುವುದು ಹೇಗೆ? ಅಮೆರಿಕದಿಂದ ಶುರುಮಾಡಲೇ, ಕಾಗೆಯ ಮೇಲೆ ಹಾಕಲೇ ಎಂದು ಲೆಕ್ಕ ಹಾಕುತ್ತಿರುವಾಗಲೇ ಮೆಟ್ಟಿಲ ಮೇಲೆ ಅವರ ಹೆಜ್ಜೆ ಸದ್ದಾಯಿತು.

ಅಮ್ಮ ಕಪ್ಪು ಕೊಡೆ ಹಿಡಿದು ನಿಂತರು. ಪಂಚೆ ನೋಡಿದರು. ಹೆಜ್ಜೆಯ ಸಾಲನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. ಕೊನೆಗೆ ಬಗ್ಗಿ, ಕನ್ನಡಕ ಸರಿಮಾಡಿಕೊಂಡು, ನೀಲಿ ಕಲ್ಲಿನ ಕಡೆ ಕೊಡೆಯ ತುದಿ ತೋರಿಸಿದರು.

‘ಆಯಿತೇನೋ?’

‘ಆಯಿತಮ್ಮ.’