ಕಾರ್ಡಿಗೆ 30 ಸಾವಿರ, ಎಸ್‌ಎಂಪಿಎಸ್‌ಗೆ 900 ರೂಪಾಯಿ?

ಗೇಮಿಂಗ್ ಪಿಸಿ ಅಪ್‌ಗ್ರೇಡ್ ಮಾಡುವವರ ಲೆಕ್ಕ ಯಾವಾಗಲೂ ಒಂದೇ ಥರ. ಮೊದಲು ಗ್ರಾಫಿಕ್ಸ್ ಕಾರ್ಡ್. ಆಮೇಲೆ ಪ್ರೊಸೆಸರ್, ರ್‍ಯಾಮ್. ದುಡ್ಡು ಉಳಿದರೆ ಬಣ್ಣಬಣ್ಣದ ಲೈಟಿನ ಫ್ಯಾನು. ಎಸ್‌ಎಂಪಿಎಸ್ (ಗೋಡೆಯ ಕರೆಂಟನ್ನು ಪಿಸಿಯ ಭಾಗಗಳಿಗೆ ಹಂಚುವ ಡಬ್ಬಿ) ಮಾತು ಬಂದ ಕೂಡಲೇ "ಹಳೇದೇ ಇದೆಯಲ್ಲ, ನಡೀತದೆ ಬಿಡಿ". ನಾನು ಇದಕ್ಕೆ ಪೂರ್ತಿ ಉಲ್ಟಾ. ಬೇಕಾದರೆ ಕಾರ್ಡಿನಲ್ಲಿ ಒಂದು ಮೆಟ್ಟಿಲು ಕೆಳಗಿಳಿಯಿರಿ, ಎಸ್‌ಎಂಪಿಎಸ್ ಮಾತ್ರ ಒಳ್ಳೆಯದು ತಗೊಳ್ಳಿ. ಹಾಗಂತ 1000 ವಾಟಿನದು ತಗೊಳ್ಳಿ ಅಂತಲೂ ಹೇಳುತ್ತಿಲ್ಲ. ಬಾಕ್ಸಿನ ಮೇಲಿನ ವಾಟು ನೋಡಿ ಮೋಸ ಹೋಗುವವರೇ ಜಾಸ್ತಿ.

ಮುಂಬಯಿ ಹತ್ತಿರ ನಾವಿರುವ ಡೊಂಬಿವಲಿಯ ಬಿಲ್ಡಿಂಗಿನಲ್ಲೇ ಒಬ್ಬ ಹುಡುಗ, ಕುಂದಾಪುರ ಕಡೆಯವರ ಮಗ, ಆರ್‌ಟಿಎಕ್ಸ್ 3060 ಕಾರ್ಡ್ ಹಾಕಿಸಿಕೊಂಡ. ಗೇಮ್ ಶುರುವಾಗಿ ಸ್ವಲ್ಪ ಹೊತ್ತಿಗೆ ಪಿಸಿ ದಪ್ ಅಂತ ಆಫ್ ಆಗಿ ತಾನೇ ಮತ್ತೆ ಆನ್ ಆಗುತ್ತಿತ್ತು. ಅಂಗಡಿಯವರು ಕಾರ್ಡ್ ಸರಿಯಿಲ್ಲ ಅಂದರು. ಸರ್ವಿಸ್ ಸೆಂಟರಿನವರು ಕಾರ್ಡ್ ಸರಿಯಾಗೇ ಇದೆ ಅಂದರು. ಪಾಪ, ಅದನ್ನು ಹೊತ್ತುಕೊಂಡು ಲೋಕಲ್ ಟ್ರೇನಿನಲ್ಲಿ ಅಲ್ಲಿಂದಿಲ್ಲಿಗೆ ಓಡಾಡಿದ್ದೇ ಆಯಿತು. ಕೊನೆಗೆ "ಅಂಕಲ್, ಒಂದ್ಸಲ ನೋಡ್ತೀರಾ" ಅಂತ ಕರೆದ.

ಸೈಡ್ ಪ್ಯಾನೆಲ್ ಬಿಚ್ಚಿ ಟಾರ್ಚ್ ಹಾಕಿ ನೋಡಿದೆ. ಕ್ಯಾಬಿನೆಟ್ ಜೊತೆಗೇ ಬಂದಿದ್ದ ಎಸ್‌ಎಂಪಿಎಸ್. ಲೇಬಲ್ ಮೇಲೆ ದಪ್ಪ ಅಕ್ಷರದಲ್ಲಿ 500. ಅದರ ಕೆಳಗೆ ಇರುವೆಯಂಥ ಅಕ್ಷರದಲ್ಲಿ ಒಂದು ಪಟ್ಟಿ. ಅದರಲ್ಲಿ +12 ವೋಲ್ಟ್ ಅನ್ನುವ ಕಡೆ 18 ಆಂಪ್ಸ್ ಅಂತ ಇತ್ತು. 12 ಗುಣಿಸು 18, ಅಂದರೆ 216 ವಾಟ್. ಈಗಿನ ಪಿಸಿಗಳಲ್ಲಿ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಕರೆಂಟ್ ಎಳೆಯುವುದು ಈ 12 ವೋಲ್ಟ್ ಲೈನಿನಿಂದಲೇ. 3.3 ಮತ್ತು 5 ವೋಲ್ಟ್ ಲೈನುಗಳ ಆಂಪ್ಸ್ ದೊಡ್ಡದಾಗಿ ಬರೆದು ಒಟ್ಟು ಮೊತ್ತ ಉಬ್ಬಿಸಿದರೆ ಗೇಮ್‌ಗೆ ಏನು ಬಂತು? ಅವನ 3060 ಕಾರ್ಡಿಗೇ 170 ವಾಟ್ ಬೇಕು. ಅವನ ರೈಜನ್ 5 5600 ಪ್ರೊಸೆಸರ್ ಪೂರ್ತಿ ಕೆಲಸದಲ್ಲಿದ್ದಾಗ 76ರವರೆಗೆ ಎಳೆಯುತ್ತದೆ. ಬೋರ್ಡು, ಫ್ಯಾನು, ಡಿಸ್ಕು ಸೇರಿಸುವ ಮೊದಲೇ 246 ಆಯಿತು. ಇನ್ನು ಕಾರ್ಡಿನ ತಪ್ಪು ಹುಡುಕಿ ಏನು ಪ್ರಯೋಜನ?

ಒಳ್ಳೆಯ ಕಂಪನಿಯ 550 ವಾಟಿನ ಎಸ್‌ಎಂಪಿಎಸ್‌ನಲ್ಲಿ 12 ವೋಲ್ಟ್ ಲೈನೊಂದೇ 45 ಆಂಪ್ಸ್ ಆಸುಪಾಸು ಕೊಡುತ್ತದೆ. ಹೆಚ್ಚುಕಮ್ಮಿ ಬರೆದ ವಾಟೆಲ್ಲ ಅಲ್ಲೇ ಸಿಗುತ್ತದೆ. ಅಂಗಡಿಯಲ್ಲಿ ಬಾಕ್ಸ್ ತಿರುಗಿಸಿ ಈ ಒಂದು ಸಂಖ್ಯೆ ನೋಡಿದರೆ ಸಾಕು, ಅರ್ಧ ಕಸ ಅಲ್ಲೇ ಸೋಸಿ ಹೋಗುತ್ತದೆ.

ಇದರ ಮೇಲೆ ಇನ್ನೊಂದು ವಿಷಯ. ಕಾರ್ಡು 170 ವಾಟ್ ಅನ್ನುವುದು ಸರಾಸರಿ ಮಾತ್ರ. ದಾದರಿನಲ್ಲಿ ಲೋಕಲ್ ನಿಂತ ಕ್ಷಣ ಜನ ಒಂದೇ ಸಲ ನುಗ್ಗುತ್ತಾರಲ್ಲ, ಹಾಗೆ ಕಾರ್ಡೂ ಕಣ್ಣು ಮಿಟುಕಿಸುವುದರೊಳಗೆ ಇದಕ್ಕಿಂತ ಎಷ್ಟೋ ಜಾಸ್ತಿ ಎಳೆದು ಸುಮ್ಮನಾಗುತ್ತದೆ. 2020ರಲ್ಲಿ ಆರ್‌ಟಿಎಕ್ಸ್ 3080 ಥರದ ದೊಡ್ಡ ಕಾರ್ಡುಗಳು ಬಂದಾಗ ಈ ಎಳೆತಕ್ಕೆ ಒಳ್ಳೊಳ್ಳೆ ಎಸ್‌ಎಂಪಿಎಸ್‌ಗಳೇ ಆಫ್ ಆಗುತ್ತಿದ್ದವು. ಅದಕ್ಕೇ ಇಂಟೆಲ್ 2022ರಲ್ಲಿ ಎಸ್‌ಎಂಪಿಎಸ್ ಮಾಡುವವರಿಗೆ ಎಟಿಎಕ್ಸ್ 3.0 ಅನ್ನುವ ನಿಯಮ ತಂದಿದ್ದು. ತನ್ನ ವಾಟಿನ ಎರಡರಷ್ಟು ಎಳೆತವನ್ನು 100 ಮೈಕ್ರೋಸೆಕೆಂಡ್ ತಡೆದುಕೊಳ್ಳಬೇಕು ಅಂತ ಅದರಲ್ಲಿದೆ. ಈಗ 3.1 ಬಂದಿದೆ. ಹೊಸದಾಗಿ ತಗೊಳ್ಳುವವರು ಇದನ್ನೇ ಕೇಳಿ ತಗೊಳ್ಳಿ. ಆರ್‌ಟಿಎಕ್ಸ್ 4090 ಕಾರ್ಡಿನಲ್ಲಿ ಪವರ್ ಕನೆಕ್ಟರ್ ಕರಗಿದ ಸುದ್ದಿ ನೆನಪಿದೆಯಲ್ಲ, 3.1ರಲ್ಲಿ ಆ ಕನೆಕ್ಟರನ್ನೂ ತಿದ್ದಿದ್ದಾರೆ. ಆದರೂ ಕಾರ್ಡಿಗೆ ಚುಚ್ಚುವಾಗ ಪೂರ್ತಿ ಒಳಗೆ ಹೋಗುವ ತನಕ ಒತ್ತಬೇಕು.

ಇನ್ನು ಈ ಬ್ರಾಂಜ್, ಗೋಲ್ಡ್ ಸ್ಟಿಕ್ಕರ್. ಅಂಗಡಿಯವರು ಇದನ್ನು ತೋರಿಸಿಯೇ ಮಾರುವುದು. 80 ಪ್ಲಸ್ ಸ್ಟಿಕ್ಕರ್ ಹೇಳುವುದು ಗೋಡೆಯಿಂದ ಬಂದ ಕರೆಂಟಿನಲ್ಲಿ ಎಷ್ಟು ಪಾಲು ಪಿಸಿಗೆ ತಲುಪುತ್ತದೆ, ಎಷ್ಟು ಬಿಸಿಯಾಗಿ ಹೋಗುತ್ತದೆ ಅನ್ನುವುದಷ್ಟೇ. ಅರ್ಧ ಲೋಡಿನಲ್ಲಿ ಬ್ರಾಂಜ್ ಸುಮಾರು 85%, ಗೋಲ್ಡ್ 90% ಅಥವಾ ಸ್ವಲ್ಪ ಮೇಲೆ. ಪಿಸಿ 300 ವಾಟ್ ಎಳೆಯುತ್ತದೆ ಅಂದುಕೊಳ್ಳಿ. ಎರಡರ ನಡುವಿನ ವ್ಯತ್ಯಾಸ ಸುಮಾರು 20 ವಾಟ್. ದಿನಕ್ಕೆ 4 ಗಂಟೆ ಆಡಿದರೆ ವರ್ಷಕ್ಕೆ 29 ಯೂನಿಟ್. ಯೂನಿಟ್‌ಗೆ 10 ರೂಪಾಯಿ ಹಿಡಿದರೂ 290 ರೂಪಾಯಿ. ಬಿಲ್ ಉಳಿಯುತ್ತದೆ ಅಂತ ಗೋಲ್ಡ್ ತಗೊಳ್ಳುವವರು ಈ ಲೆಕ್ಕ ಒಮ್ಮೆ ಮಾಡಿ ನೋಡಲಿ.

ಗೋಲ್ಡ್ ಅಂದರೆ ಗಟ್ಟಿ ಅಂತಲೂ ಅಲ್ಲ. 2021ರಲ್ಲಿ ಗಿಗಾಬೈಟ್‌ನ ಪಿ750ಜಿಎಂ, ಪಿ850ಜಿಎಂ ಮಾಡೆಲ್‌ಗಳು ಟೆಸ್ಟ್ ಮಾಡುವಾಗ ಪಟಾಕಿ ಹೊಡೆದವು. ಎರಡೂ ಗೋಲ್ಡೇ. ಲೋಡ್ ಮಿತಿಮೀರಿದಾಗ ಆಫ್ ಆಗಬೇಕಾದ ಮಟ್ಟವನ್ನು ಕಂಪನಿ ಆಮೇಲೆ ಕೆಳಗಿಳಿಸಿತು. ಎಸ್‌ಎಂಪಿಎಸ್ ಕೆಟ್ಟರೆ ಕೆಡಲಿ, ಸಾಯುವಾಗ ಬೋರ್ಡನ್ನೂ ಕಾರ್ಡನ್ನೂ ಜೊತೆಗೆ ಕರೆದುಕೊಂಡು ಹೋಗಬಾರದು. ಅದಕ್ಕೆ ಬೇಕಾಗಿದ್ದು ಒಳಗಿನ ಪ್ರೊಟೆಕ್ಷನ್. ಅಗ್ಗದವರು ಉಳಿತಾಯ ಮಾಡುವುದೇ ಅಲ್ಲಿ.

ಹಾಗಾದರೆ ಹೊರಗಿನಿಂದ ಒಳ್ಳೆಯದನ್ನು ಗುರುತಿಸುವುದು ಹೇಗೆ? ನಾನು ಮೊದಲು ವಾರಂಟಿ ನೋಡುತ್ತೇನೆ. ತನ್ನ ಮಾಲಿನ ಮೇಲೆ ನಂಬಿಕೆ ಇಲ್ಲದವನು 10 ವರ್ಷ ವಾರಂಟಿ ಕೊಡಲಾರ. ಕೋರ್ಸೇರ್ ಆರ್‌ಎಂಎಕ್ಸ್, ಸೀಸಾನಿಕ್ ಫೋಕಸ್ ಜಿಎಕ್ಸ್ ಸಾಲಿಗೆ 10 ವರ್ಷ ಇದೆ. ಬ್ರಾಂಜ್ ಮಟ್ಟದಲ್ಲಿ 5 ವರ್ಷ ಇದ್ದರೆ ಸಾಕು. ಆದರೆ ಬರೀ ಬ್ರ್ಯಾಂಡ್ ಹೆಸರು ನೋಡಿ ಕಣ್ಣು ಮುಚ್ಚಿ ತಗೊಳ್ಳಬೇಡಿ. ಎಷ್ಟೋ ಕಂಪನಿಗಳು ಸ್ವಂತ ಎಸ್‌ಎಂಪಿಎಸ್ ಮಾಡುವುದಿಲ್ಲ, ಬೇರೆಯವರಿಂದ ಮಾಡಿಸಿ ತಮ್ಮ ಹೆಸರು ಹಾಕುತ್ತವೆ. ಒಂದೇ ಬ್ರ್ಯಾಂಡಿನಲ್ಲಿ ಒಂದು ಮಾಡೆಲ್ ಬಂಗಾರ, ಇನ್ನೊಂದು ಕಬ್ಬಿಣ. ಮಾಡೆಲ್ ಹೆಸರು ಹಾಕಿ ರಿವ್ಯೂ ಹುಡುಕಿ. ಹಿಂದುಗಡೆ 115/230 ಅಂತ ಕೆಂಪು ಸ್ವಿಚ್ ಇದ್ದರೆ ಅದು ಹಳೇ ಕಾಲದ ಡಿಸೈನ್, ಹುಡುಕುವುದೂ ಬೇಡ, ಕೆಳಗಿಡಿ.

ವಾಟಿನ ವಿಷಯ ಬೇಗ ಮುಗಿಸುತ್ತೇನೆ. ಆರ್‌ಟಿಎಕ್ಸ್ 4060 ಕಾರ್ಡಿಗೆ ಅದರ ಕಂಪನಿ ಎನ್‌ವಿಡಿಯಾ ಹೇಳುವುದು 550 ವಾಟಿನ ಎಸ್‌ಎಂಪಿಎಸ್, 5070ಗೆ 650, 5070 ಟಿಐಗೆ 750. ಇದರಲ್ಲೇ ಸ್ವಲ್ಪ ಸಡಿಲ ಬಿಟ್ಟಿರುತ್ತಾರೆ. ನಮ್ಮಲ್ಲಿ ಹೆಚ್ಚಿನವರಿಗೆ ಒಳ್ಳೆಯ 650 ಸಾಕು. 1000 ಬೇಕಾಗುವುದು 5090 ಹಾಕುವವರಿಗೆ. ಅವರು ನನ್ನ ಪೋಸ್ಟ್ ಓದಿ ದುಡ್ಡು ಉಳಿಸಬೇಕಾಗಿಲ್ಲ, ಅಲ್ವಾ?

ಮುಂಬಯಿಯವರಿಗೆ ಬೇರೆಯೇ ಒಂದು ತಲೆನೋವಿದೆ. ಹಳೇ ಚಾಳು, ಹಳೇ ಸೊಸೈಟಿಗಳ ಗೋಡೆಯಲ್ಲಿ ಮೂರು ತೂತಿನ ಪ್ಲಗ್ ಪಾಯಿಂಟ್ ಇರುತ್ತದೆ, ಮೂರನೇ ತೂತಿನ ಹಿಂದೆ ತಂತಿಯೇ ಇರುವುದಿಲ್ಲ. ಬರಿಗಾಲಲ್ಲಿ ನಿಂತು ಕ್ಯಾಬಿನೆಟ್ಟಿನ ಸ್ಕ್ರೂ ಮುಟ್ಟಿದರೆ ಜುಮ್ ಅನ್ನುತ್ತದೆ. ಹೊಸ ಎಸ್‌ಎಂಪಿಎಸ್ ಲೀಕ್ ಅಂತ ಜನ ವಾಪಸ್ ಕೊಡಲು ಓಡುತ್ತಾರೆ. ಒಳ್ಳೆಯ ಎಸ್‌ಎಂಪಿಎಸ್‌ನಲ್ಲೂ ಫಿಲ್ಟರಿನ ಸಣ್ಣ ಕೆಪಾಸಿಟರುಗಳು ಚೂರು ಕರೆಂಟನ್ನು ಅರ್ಥಿಂಗ್ ಕಡೆ ಬಿಡುತ್ತವೆ. ಅರ್ಥಿಂಗೇ ಇಲ್ಲದಿದ್ದರೆ ಅದು ಕ್ಯಾಬಿನೆಟ್ ಮೈಮೇಲೆ ಕೂರುತ್ತದೆ. ಮೊದಲು ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿ. ಇನ್ನು ಕಲ್ಯಾಣ, ಡೊಂಬಿವಲಿ ಕಡೆ ಮಳೆಗಾಲದಲ್ಲಿ ಕರೆಂಟ್ ಹೋಗುವುದಂತೂ ಇದ್ದದ್ದೇ. ಸಾಮಾನ್ಯ 600 ವಿಎ ಯುಪಿಎಸ್ 360 ವಾಟ್ ಹೊರುತ್ತದೆ, ಅಷ್ಟೇ. ಗೇಮ್ ನಡುವೆ ಕರೆಂಟ್ ಹೋದರೆ ಅದೂ ಕೈ ಎತ್ತಬಹುದು.

ಹಳೆಯ ಮಾಡ್ಯುಲರ್ (ಕೇಬಲ್ ಬಿಚ್ಚಿ ತೆಗೆಯಬಹುದಾದ) ಎಸ್‌ಎಂಪಿಎಸ್ ಬದಲಿಸುವವರು ಅದರ ಕೇಬಲ್‌ಗಳನ್ನೂ ಜೊತೆಗೇ ತೆಗೆದುಬಿಡಿ. "ಚೆನ್ನಾಗಿ ಕಟ್ಟಿದ್ದೀನಿ, ಯಾಕೆ ಬಿಚ್ಚೋದು" ಅಂತ ಅದೇ ಕೇಬಲ್‌ಗಳನ್ನು ಹೊಸದಕ್ಕೆ ಚುಚ್ಚಬೇಡಿ. ಎಸ್‌ಎಂಪಿಎಸ್ ಕಡೆಯ ಪಿನ್ ಜೋಡಣೆಗೆ ಯಾವ ಸ್ಟ್ಯಾಂಡರ್ಡೂ ಇಲ್ಲ. ಪ್ಲಗ್ ಸರಿಯಾಗಿ ಕೂರುತ್ತದೆ, ಆದರೆ 5 ವೋಲ್ಟ್ ಹೋಗಬೇಕಾದಲ್ಲಿ 12 ಹೋಗಿ ಎಸ್‌ಎಸ್‌ಡಿ ಸುಟ್ಟು ಕೂರುತ್ತದೆ. ಫೋಟೋಗಳೆಲ್ಲ ಅದರಲ್ಲೇ ಇರುತ್ತವೆ, ಅದು ಬೇರೆ.

ಕೊಳ್ಳಲು ಮುಂಬಯಿಯ ಕಂಪ್ಯೂಟರ್ ಅಂಗಡಿಗಳ ಬೀದಿ ಲ್ಯಾಮಿಂಗ್ಟನ್ ರೋಡಿಗೆ ಹೋಗುವವರು ಭಾನುವಾರ ಬಿಟ್ಟು ಹೋಗಿ, ಹೆಚ್ಚಿನ ಅಂಗಡಿ ಬಂದ್ ಇರುತ್ತವೆ. ಮಾಡೆಲ್ ನಂಬರ್ ಬರೆದುಕೊಂಡು ಹೋಗಿ. "ವೋ ನಹೀ ಹೈ, ಯೇ ಭೀ ಸೇಮ್ ಹೈ" ಅಂದರೆ ಪಕ್ಕದ ಅಂಗಡಿಗೆ ನಡೆಯಿರಿ, ಹತ್ತು ಹೆಜ್ಜೆ ದೂರವೂ ಇರುವುದಿಲ್ಲ. ಜಿಎಸ್‌ಟಿ ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿಕೊಳ್ಳಿ. 10 ವರ್ಷದ ವಾರಂಟಿಗೆ 10 ವರ್ಷ ಬಿಲ್ ಇಟ್ಟುಕೊಳ್ಳಬೇಕು, ಅಚ್ಚು ಮಾಸುತ್ತದೆ, ಅಲ್ಲೇ ಫೋಟೋ ಹೊಡೆದುಕೊಳ್ಳಿ.

ಮನೆಯಲ್ಲಿರುವುದೇ ನಡೆಯುತ್ತದಾ ಅಂತ ಕೇಳುವವರು ಲೇಬಲಿನ ಫೋಟೋ ಕೆಳಗೆ ಹಾಕಿ. ಬಾಕ್ಸಿನದಲ್ಲ, ಲೇಬಲಿನದು. 12 ವೋಲ್ಟಿನ ಆಂಪ್ಸ್ ಕಾಣಬೇಕು.