ದರ ನೋಡಿ ನಾಟಿ ಮಾಡಿದವರು

2023ರ ಜುಲೈನಲ್ಲಿ ಕೋಲಾರದ ಎಪಿಎಂಸಿಯಲ್ಲಿ 15 ಕೆಜಿಯ ಟೊಮೆಟೊ ಬಾಕ್ಸ್ 2000 ರೂಪಾಯಿ ದಾಟಿದಾಗ, ನಮ್ಮ ಚಿಕ್ಕಪ್ಪ ಒಂದೂವರೆ ಎಕರೆಗೆ ಸಸಿ ಕೇಳಿಕೊಂಡು ನರ್ಸರಿಯ ಮುಂದೆ ನಿಂತಿದ್ದರು. ನಾಟಿಯಾದ ಮೇಲೆ ಹಣ್ಣು ಕೊಯ್ಲಿಗೆ ಬರಲು ಎರಡು ತಿಂಗಳಿಗೂ ಹೆಚ್ಚು ಬೇಕು. ಅಷ್ಟರಲ್ಲಿ ದರ ನೆಲ ಕಚ್ಚಿತ್ತು, ಕೀಳುವ ಕೂಲಿ ಮತ್ತು ಸಾಗಣೆ ಕಳೆದರೆ ಕೈಗೆ ಏನೂ ಉಳಿಯುತ್ತಿರಲಿಲ್ಲ. ಎಲ್ಲರೂ ಒಂದೇ ಬೆಳೆ ಹಾಕಿದರೆ ಇನ್ನೇನಾದೀತು ಎಂದು ಊರಿನ ಓದಿಕೊಂಡವರೆಲ್ಲ, ನಾನೂ ಸೇರಿದಂತೆ, ಬುದ್ಧಿ ಹೇಳಿದೆವು. ಆ ಬುದ್ಧಿಮಾತಿನ ಬಗ್ಗೆ ನನಗೀಗ ನಾಚಿಕೆಯಿದೆ.

ಈ ಏರಿಳಿತವನ್ನು ಅರ್ಥಶಾಸ್ತ್ರ ಜೇಡರಬಲೆ ಎಂದು ಕರೆಯುತ್ತದೆ. ಬೆಳೆಗಾರ ಇಂದಿನ ದರ ನೋಡಿ ಬಿತ್ತುತ್ತಾನೆ, ಮಾರುವುದು ಮಾತ್ರ ಮುಂದಿನ ದರಕ್ಕೆ ಎಂಬ ಈ ವಿವರಣೆಯನ್ನು 1938ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಮೊರ್ಡೆಕೈ ಎಜೆಕಿಯಲ್ ವಿಸ್ತಾರವಾಗಿ ಬರೆದರು. 1961ರಲ್ಲಿ ಅಲ್ಲಿಯದೇ ಇನ್ನೊಬ್ಬ ಅರ್ಥಶಾಸ್ತ್ರಜ್ಞ ಜಾನ್ ಮೂತ್ ಇದನ್ನು ಪ್ರಶ್ನಿಸಿದರು: ರೈತರು ಪ್ರತಿ ಸಲವೂ ಒಂದೇ ಬಗೆಯಲ್ಲಿ ಎಡವುವುದಾದರೆ, ಅದನ್ನು ಕಂಡುಕೊಂಡ ಜಾಣನೊಬ್ಬ ಅದರಿಂದಲೇ ಲಾಭ ಮಾಡಿಕೊಳ್ಳುತ್ತಿದ್ದನಲ್ಲವೇ? ವಾದ ಚೊಕ್ಕವಾಗಿದೆ. ಆದರೆ ದರ ಬಿದ್ದಾಗ ನಾಟಿ ಮಾಡಬೇಕೆಂಬ ಗುಟ್ಟು ನಮ್ಮ ಕಡೆ ಟೀ ಅಂಗಡಿಯಲ್ಲಿ ಕೂತವರಿಗೆಲ್ಲ ಗೊತ್ತು. ದರ ಬಿದ್ದಾಗ ಕಡ್ಡಿಗೆ, ದಾರಕ್ಕೆ, ಔಷಧಿಗೆ ಸಾಲ ಕೊಡುವವರು ಯಾರು? ಅದೂ ಅಲ್ಲದೆ, ಕೋಲಾರದ ದರ ನಿಂತಿರುವುದು ಮದನಪಲ್ಲಿಯಲ್ಲಿ, ನಾಸಿಕ್ ಕಡೆಯಲ್ಲಿ ಎಷ್ಟು ಜನ ಸಸಿ ನೆಟ್ಟಿದ್ದಾರೆ, ಅಲ್ಲಿ ಮಳೆ ಹೇಗಿದೆ ಎಂಬುದರ ಮೇಲೆ. ಜುಲೈನ ಒಂದು ಬೆಳಿಗ್ಗೆ, ನರ್ಸರಿಯ ಮುಂದೆ ನಿಂತು, ಇದನ್ನು ಯಾರು ಲೆಕ್ಕ ಹಾಕಬಲ್ಲರು?

ಮೂತ್ ಅವರ ಜೊತೆ ಒಂದೇ ಸಂಸ್ಥೆಯಲ್ಲಿದ್ದ ಹರ್ಬರ್ಟ್ ಸೈಮನ್ (1978ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದವರು) ಇಟ್ಟ ಹೆಜ್ಜೆಯೇ ಬೇರೆ. ಮನುಷ್ಯನಿಗೆ ಸಿಗುವ ಮಾಹಿತಿ, ಸಮಯ, ಲೆಕ್ಕದ ಶಕ್ತಿ ಮೂರಕ್ಕೂ ಮಿತಿಯಿರುವುದರಿಂದ, ಅವನು ಎಲ್ಲಕ್ಕಿಂತ ಉತ್ತಮವಾದುದನ್ನು ಹುಡುಕುತ್ತ ಕೂರದೆ 'ಇಷ್ಟು ಸಾಕು' ಎನಿಸಿದಲ್ಲಿ ನಿಲ್ಲುತ್ತಾನೆ ಎಂದರು. ವಿವೇಚನೆಯನ್ನು ಅವರು ಕತ್ತರಿಗೆ ಹೋಲಿಸಿದ್ದರು: ಒಂದು ಅಲಗು ಮನುಷ್ಯನ ಶಕ್ತಿ, ಇನ್ನೊಂದು ಅವನಿರುವ ಪರಿಸರ. ರೈತರಿಗೆ ಬುದ್ಧಿ ಹೇಳುವ ನಾವು ಒಂದೇ ಅಲಗನ್ನು ಹಿಡಿದು, ಕತ್ತರಿ ಏಕೆ ಕತ್ತರಿಸುತ್ತಿಲ್ಲ ಎಂದು ಕೇಳುತ್ತಿರುತ್ತೇವೆ.

ಆ ಜುಲೈನಲ್ಲೂ ಚಿಕ್ಕಪ್ಪ ಅರ್ಧ ಎಕರೆಯ ಮೇವಿನ ಜೋಳವನ್ನು ಮುಟ್ಟಿರಲಿಲ್ಲ. ಆ ದರದಲ್ಲಿ ಅದನ್ನೂ ಕಿತ್ತು ಟೊಮೆಟೊ ಹಾಕುವುದೇ ಪಠ್ಯಪುಸ್ತಕದ ಲೆಕ್ಕವಾಗುತ್ತಿತ್ತು. ಏಕೆ ಬಿಟ್ಟಿರೆಂದು ಮೊನ್ನೆ ಕೇಳಿದೆ. "ಟೊಮೆಟೊ ಕೈಕೊಟ್ರೂ ಡೇರಿ ಬಟವಾಡೆ ಬರಬೇಕಲ್ಲಪ್ಪ" ಎಂದು ಹೇಳಿ, ಹಸುವಿಗೆ ಮೇವು ಹಾಕಲು ಎದ್ದರು.