ಮಾವನವರ ಬಲಗಾಲು

ಕಂಪ್ಯೂಟರಿನಲ್ಲಿ ಬೈಕ್ ಓಡಿಸುವ ಆಟಗಳಲ್ಲಿ ಹಿಂಬದಿ ಸವಾರನಿಗೆ ಸೀಟು ಇರುವುದಿಲ್ಲ. ಆದರೂ ಕೆಲವು ವಾರಗಳಿಂದ, ಮಣ್ಣಿನ ಟ್ರ್ಯಾಕಿನಲ್ಲಿ ದಿಬ್ಬಗಳನ್ನು ಹಾರುತ್ತ ಓಡುವ ನನ್ನ ಮೋಟೋಕ್ರಾಸ್ ಬೈಕಿನ ಹಿಂದೆ ಒಬ್ಬರು ಕುಳಿತಿದ್ದಾರೆ. ಅವರು ನನ್ನ ಹೆಂಡತಿಯ ತಂದೆ. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆಂದು ತಿಪಟೂರಿನಿಂದ ಬಸವೇಶ್ವರನಗರದ ನಮ್ಮ ಬಾಡಿಗೆ ಮನೆಗೆ ಬಂದವರು, ಒಂದು ಕಣ್ಣು ಮುಗಿಸಿಕೊಂಡು ಇನ್ನೊಂದರ ಸರದಿಗೆ ಕಾಯುತ್ತಿದ್ದಾರೆ. ಓದಬೇಡಿ, ಟಿ.ವಿ. ಹೆಚ್ಚು ನೋಡಬೇಡಿ ಎಂದು ವೈದ್ಯರು ಹೇಳಿದ್ದನ್ನು ಚಾಚೂ ತಪ್ಪದೆ ಪಾಲಿಸುವ ಅವರು, ಕಂಪ್ಯೂಟರ್ ನೋಡಬೇಡಿ ಎಂದು ವೈದ್ಯರು ಹೇಳಿಲ್ಲವೆಂಬುದನ್ನೂ ಅಷ್ಟೇ ನಿಷ್ಠೆಯಿಂದ ಪಾಲಿಸುತ್ತಾರೆ.

ಶನಿವಾರ ರಾತ್ರಿ ಊಟ ಮುಗಿದು, ಪಾತ್ರೆಗಳು ಸಿಂಕು ಸೇರಿ, ಮಾರನೆಯ ದಿನದ ಇಡ್ಲಿಗೆ ಹಿಟ್ಟು ರುಬ್ಬಿಟ್ಟ ಮೇಲೆ ನನಗೆ ಸಿಗುವುದು ಒಂದು ಗಂಟೆ. ಆ ಒಂದು ಗಂಟೆಯಲ್ಲಿ ನಾನು ಆಡುವುದು ಹೊಸ ಆಟವೇನಲ್ಲ, 2000ನೇ ಇಸವಿಯಲ್ಲಿ ಬಂದ ‘ಮೋಟೋಕ್ರಾಸ್ ಮ್ಯಾಡ್‌ನೆಸ್ 2’. ಇಂದಿನ ವಿಂಡೋಸ್‌ನಲ್ಲಿ ಅದನ್ನು ಓಡಿಸುವುದೇ ಒಂದು ಸಾಹಸ. ಅದಕ್ಕಿಂತ ಹೆಚ್ಚಿನ ಸಾಹಸವೆಂದರೆ ಬೆನ್ನ ಹಿಂದೆ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಕೂರುವ ಮಾವನವರ ಸಮ್ಮುಖದಲ್ಲಿ ಓಡಿಸುವುದು.

ಅವರು ಮಾತನಾಡುವುದು ಕಡಿಮೆ. ತೊಂದರೆ ಇರುವುದು ಅವರ ಬಲಗಾಲಿನಲ್ಲಿ. ನನ್ನ ಬೈಕ್ ದಿಬ್ಬವೊಂದನ್ನು ಸಮೀಪಿಸುತ್ತಿದ್ದಂತೆ ಮೊದಲು ಹಲ್ಲಿನ ಸಂದಿಯಿಂದ ಉಸಿರೆಳೆದುಕೊಳ್ಳುವ ‘ಸ್ಸ್’ ಎಂಬ ಸದ್ದು ಕೇಳುತ್ತದೆ; ಅನಂತರ ಕುರ್ಚಿ ಕಿರುಗುಟ್ಟುತ್ತದೆ; ಕೊನೆಗೆ ಹವಾಯಿ ಚಪ್ಪಲಿ ತೊಟ್ಟ ಬಲಗಾಲು ಮೊಸಾಯಿಕ್ ನೆಲವನ್ನು ಬಲವಾಗಿ ಒತ್ತುತ್ತದೆ. ಅವರು ಬ್ರೇಕ್ ಹಾಕುತ್ತಿದ್ದಾರೆ. ಬೈಕ್ ನಿಲ್ಲುವುದಿಲ್ಲ, ಹಾರುತ್ತದೆ. ಅದು ಗಾಳಿಯಲ್ಲಿರುವಷ್ಟು ಹೊತ್ತೂ ಕಾಲು ಮೇಲೇಳುವುದಿಲ್ಲ. ಬೈಕ್ ನೆಟ್ಟಗೆ ಇಳಿದರೆ ‘ಅಬ್ಬ’ ಎನ್ನುತ್ತಾರೆ. ಇಳಿಯದೆ, ಸವಾರ ನಾಲ್ಕು ಪಲ್ಟಿ ಹೊಡೆದು ಮರುಕ್ಷಣವೇ ಮೈ ಕೊಡವಿಕೊಂಡು ಬೈಕ್ ಏರಿದರೆ, ‘ಇವನಿಗೆ ಮನೆಯಲ್ಲಿ ಕೇಳುವವರು ಯಾರೂ ಇಲ್ಲವೇ?’ ಎಂದು ವಿಚಾರಿಸುತ್ತಾರೆ. ಆ ಪ್ರಶ್ನೆ ಸವಾರನನ್ನು ಕುರಿತದ್ದೋ ಅಳಿಯನನ್ನು ಕುರಿತದ್ದೋ ಎಂಬುದು ನನಗೆ ಇನ್ನೂ ಇತ್ಯರ್ಥವಾಗಿಲ್ಲ.

ಈ ಕ್ರೀಡೆಯ ಬಗ್ಗೆ ಅವರಲ್ಲಿ ಗೌರವ ಮೂಡಿಸಲು ನಾನು ಯತ್ನಿಸದೆ ಇಲ್ಲ. ನಮ್ಮ ಬೆಂಗಳೂರಿನವರೇ ಆದ ಸಿ.ಎಸ್. ಸಂತೋಷ್ ಇಂಥ ಮಣ್ಣಿನ ಟ್ರ್ಯಾಕುಗಳಲ್ಲೇ ಪಳಗಿ, 2015ರಲ್ಲಿ, ಮರುಭೂಮಿಗಳನ್ನು ದಾಟಿ ದಿನಗಟ್ಟಲೆ ಸಾಗುವ ಡಕಾರ್ ರ‍್ಯಾಲಿಯನ್ನು ಪೂರ್ಣಗೊಳಿಸಿದ ಮೊದಲ ಭಾರತೀಯರೆನಿಸಿದರು ಎಂದು ಹೇಳಿದೆ. ‘ಅಂದಮೇಲೆ ಅವರು ಸರಿಯಾದ ಜಾಗದಲ್ಲಿ ಬ್ರೇಕ್ ಹಾಕಿದ್ದಾರೆ’ ಎಂದರು. ಗಾಳಿಯಲ್ಲಿರುವ ಬೈಕಿಗೆ ಬ್ರೇಕ್ ಹಾಕಿದರೆ ಅದು ನಿಲ್ಲುವುದಿಲ್ಲ ಎಂದು ವಿವರಿಸಲು ಹೋಗಿ ಇನ್ನಷ್ಟು ಸಿಕ್ಕಿಕೊಂಡೆ. ಏಕೆಂದರೆ ನಿಜವಾದ ಮೋಟೋಕ್ರಾಸ್‌ನಲ್ಲಿ ಸವಾರರು ಗಾಳಿಯಲ್ಲೂ ಹಿಂದಿನ ಬ್ರೇಕನ್ನು ಒತ್ತುತ್ತಾರೆ. ತಿರುಗುತ್ತಿರುವ ಹಿಂದಿನ ಚಕ್ರ ಥಟ್ಟನೆ ನಿಂತಾಗ ಅದರ ತಿರುಗುಬಲ ಇಡೀ ಬೈಕಿಗೆ ವರ್ಗವಾಗಿ ಮುಂಭಾಗ ಕೆಳಗಿಳಿಯುತ್ತದೆ, ಆಕ್ಸಿಲರೇಟರ್ ತಿರುವಿದರೆ ಮೇಲೇಳುತ್ತದೆ. ಮಾವನವರು ಇದನ್ನು ಪೂರ್ತಿ ಕೇಳಿಸಿಕೊಂಡು, ‘ನೋಡಿದಿರಾ, ಗಾಳಿಯಲ್ಲೂ ಬ್ರೇಕ್ ಬೇಕು’ ಎಂದು ತೀರ್ಪು ಕೊಟ್ಟರು. ಅಂದಿನಿಂದ ಬಲಗಾಲಿಗೆ ಶಾಸ್ತ್ರದ ಬೆಂಬಲವೂ ದೊರೆತಂತಾಯಿತು.

(ಇಷ್ಟು ಹೊತ್ತಿಗೆ ಓದುಗರು ಬೆಂಗಳೂರಿನ ರಸ್ತೆಗಳ ಮಾತನ್ನು ನಿರೀಕ್ಷಿಸುತ್ತಿರಬಹುದು. ಆ ಹಾಸ್ಯ ಹಳಸಿ ಬಹಳ ಕಾಲವಾಯಿತು, ಹೋಲಿಕೆಯೂ ಸರಿಯಲ್ಲ. ಮೋಟೋಕ್ರಾಸ್ ಟ್ರ್ಯಾಕಿನಲ್ಲಿ ಹಾರುವ ದಿಬ್ಬದ ಎದುರಿಗೆ ಇಳಿಯಲೆಂದು ಒಂದು ಇಳಿಜಾರನ್ನು ಲೆಕ್ಕ ಹಾಕಿ ಕಟ್ಟಿರುತ್ತಾರೆ. ನಮ್ಮ ಬೀದಿಯ ಹಂಪಿನಲ್ಲಿ ಹಾರುವ ವ್ಯವಸ್ಥೆ ಮಾತ್ರ ಇದೆ.)

ಈ ಆಟದ ನಕ್ಷೆಯ ಅಂಚಿನಲ್ಲಿ ಕಡಿದಾದ ಬಂಡೆಯ ಗೋಡೆಯಿದೆ. ಹರಸಾಹಸ ಮಾಡಿ ಅದನ್ನು ಹತ್ತಿ ಆಚೆಗೆ ಸ್ವಲ್ಪ ದೂರ ಹೋದರೆ ಕಣ್ಣಿಗೆ ಕಾಣದ ಫಿರಂಗಿಯೊಂದು ಸಿಡಿದು, ಸವಾರನನ್ನು ಅಷ್ಟೆತ್ತರಕ್ಕೆ ಚಿಮ್ಮಿಸಿ ಹಿಂದಕ್ಕೆ ಎಸೆಯುತ್ತದೆ. ಕಾಲೇಜಿನ ದಿನಗಳಲ್ಲಿ ರಾಜಾಜಿನಗರದ ಗೆಳೆಯನೊಬ್ಬನ ಮನೆಯಲ್ಲಿ, ಎಸ್.ಪಿ. ರಸ್ತೆಯಿಂದ ಬಿಡಿಭಾಗ ತಂದು ಜೋಡಿಸಿದ ಕಂಪ್ಯೂಟರಿನ ಮುಂದೆ ಒಂದೇ ಮಂಚದ ಅಂಚಿನಲ್ಲಿ ಒತ್ತೊತ್ತಾಗಿ ಕುಳಿತು, ರೇಸನ್ನು ಮರೆತು, ಆ ಫಿರಂಗಿಯಿಂದ ಹೊಡೆಸಿಕೊಳ್ಳಲೆಂದೇ ನಾವೆಲ್ಲ ಸರದಿಯ ಮೇಲೆ ಬಂಡೆ ಹತ್ತುತ್ತಿದ್ದೆವು. ಅವರಲ್ಲಿ ಹೆಚ್ಚಿನವರು ಈಗ ಬೇರೆ ಬೇರೆ ದೇಶಗಳಲ್ಲಿದ್ದಾರೆ. ಫೋನ್ ಮಾಡಿದರೆ ಮನೆಸಾಲದ ಬಡ್ಡಿಯ ವಿಷಯ ಮಾತನಾಡುತ್ತಾರೆ. ಆ ಸುಖದ ಒಂದಂಶವನ್ನಾದರೂ ಹಂಚಿಕೊಳ್ಳೋಣವೆಂದು ಮಾವನವರಿಗೆ ಫಿರಂಗಿಯನ್ನು ತೋರಿಸಿದೆ. ತೆಂಗಿನ ತೋಟದ ಬೇಲಿಯ ವ್ಯಾಜ್ಯದಲ್ಲಿ ಅರ್ಧ ಆಯುಷ್ಯ ಕಳೆದ ಅವರು ನಗಲಿಲ್ಲ. ‘ಇನ್ನೊಬ್ಬರ ಜಮೀನಿಗೆ ನುಗ್ಗಿದರೆ ಮತ್ತೇನು ಮಾಡುತ್ತಾರೆ?’ ಎಂದರು.

ಮೊನ್ನೆ ಶನಿವಾರದ್ದು ಮಾತ್ರ ಸಹಿಸಲಾಗದ ಪ್ರಸಂಗ. ಗಾಳಿಯಲ್ಲಿ ಕಸರತ್ತು ಮಾಡಿ ಅಂಕ ಗಳಿಸುವ ಆಟದ ವಿಭಾಗವಾದ ಸ್ಟಂಟ್ ಕ್ವಾರಿಯಲ್ಲಿ ಅಂಕಗಳು ನಾನೆಂದೂ ಕಾಣದಷ್ಟು ಏರಿದ್ದವು. ಕೈಬೆರಳುಗಳೆಲ್ಲ ಕೀಬೋರ್ಡಿನ ಮೇಲೆ ಹೆಣೆದುಕೊಂಡಿದ್ದವು, ಬೈಕ್ ಆಕಾಶದಲ್ಲಿ ತಲೆಕೆಳಗಾಗಿತ್ತು. ಅಮೆರಿಕದ ಬೈಕ್ ಸವಾರ ಟ್ರಾವಿಸ್ ಪಾಸ್ಟ್ರಾನಾ, ಸಾಹಸ ಕ್ರೀಡೆಗಳ ಕೂಟವಾದ 2006ರ ಎಕ್ಸ್ ಗೇಮ್ಸ್‌ನಲ್ಲಿ ಬೈಕ್ ಸಮೇತ ಹಿಂದಕ್ಕೆ ಎರಡು ಪಲ್ಟಿಯ ಡಬಲ್ ಬ್ಯಾಕ್‌ಫ್ಲಿಪ್ ಹೊಡೆದಾಗ ಅವರ ಹಿಂದೆ ಯಾರೂ ಕುಳಿತಿರಲಿಲ್ಲ. ನನ್ನದು ಒಂದೇ ಫ್ಲಿಪ್ ಆದರೂ ಹಿಂದೆ ‘ಸ್ಸ್’ ಕೇಳಿಸಿತು, ಕುರ್ಚಿ ಕಿರುಗುಟ್ಟಿತು, ಆಮೇಲೆ ಎಂದೂ ಕೇಳದ ‘ಚಟ್’ ಎಂಬ ಶಬ್ದವಾಯಿತು. ಪರದೆ ಕಪ್ಪಾಯಿತು, ಸಿ.ಪಿ.ಯು. ಗುಂಯ್‌ಗುಡುವುದು ನಿಂತಿತು. ಕೋಣೆಯ ಟ್ಯೂಬ್‌ಲೈಟು ಮಾತ್ರ ಉರಿಯುತ್ತಲೇ ಇತ್ತು. ಬಗ್ಗಿ ನೋಡಿದರೆ ನೆಲದ ಮೇಲಿನ ಎಕ್ಸ್‌ಟೆನ್ಷನ್ ಬೋರ್ಡಿನ ಕೆಂಪು ಸ್ವಿಚ್ಚಿನ ಮೇಲೆ ಹವಾಯಿ ಚಪ್ಪಲಿಯ ಅಂಗುಷ್ಠ ಪ್ರತಿಷ್ಠಾಪನೆಗೊಂಡಿತ್ತು. ಮಾವನವರು ಕಾಲನ್ನೊಮ್ಮೆ, ಪರದೆಯನ್ನೊಮ್ಮೆ ನೋಡಿ, ಇಷ್ಟು ವಾರಗಳಲ್ಲಿ ಮೊದಲ ಬಾರಿಗೆ ತೃಪ್ತಿಯಿಂದ ನುಡಿದರು: ‘ಸದ್ಯ, ನಿಂತಿತಲ್ಲ!’

ಸಿಟ್ಟನ್ನು ನುಂಗಿಕೊಂಡು ಅಡಿಗೆಮನೆಗೆ ಹೋದಾಗ ಹೆಂಡತಿಯಿಂದ ಮೂಲ ಕಾರಣ ತಿಳಿಯಿತು. ಮಾವನವರದು ಯೆಜ್ಡಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ, ಕಿಕ್ಕರಿಗೂ ಗೇರಿಗೂ ಒಂದೇ ಲಿವರ್ ಇರುವ ಗಾಡಿ. ಆ ಕಾರ್ಖಾನೆ 1996ರಲ್ಲಿ ಮುಚ್ಚಿದ ಮೇಲೂ ಎಲ್ಲೆಲ್ಲಿಂದಲೋ ಬಿಡಿಭಾಗ ಹುಡುಕಿ ತಂದು ಓಡಿಸಿದರಂತೆ. ಅದು ಕೈಬಿಟ್ಟ ಮೇಲೆ ಸ್ಕೂಟರ್, ಈಗ ಕಣ್ಣಿನ ನೆಪದಲ್ಲಿ ಸ್ಕೂಟರಿನ ಕೀಲಿಯನ್ನೂ ಮಗಳು ಬಚ್ಚಿಟ್ಟಿದ್ದಾಳೆ. ಗಾಡಿ ಬಿಡಿಸಬಹುದು, ಕಾಲಿಗೆ ಬಿಡಿಸುವುದು ಹೇಗೆ? ಯೆಜ್ಡಿಯ ಬ್ರೇಕ್ ಇರುವುದು ಬಲಗಾಲಿಗೆ. ಹಳೆಯ ಬುಲೆಟ್‌ನಲ್ಲಾದರೆ ಬ್ರೇಕ್ ಎಡಕ್ಕೆ, ಗೇರು ಬಲಕ್ಕೆ. ನನ್ನ ಮಾವನವರು ಯೌವನದಲ್ಲಿ ಒಂದು ಬುಲೆಟ್ ಕೊಂಡಿದ್ದಿದ್ದರೆ ಮೊನ್ನೆ ನನ್ನ ಬ್ಯಾಕ್‌ಫ್ಲಿಪ್ ದಡ ಸೇರುತ್ತಿತ್ತು ಎಂದು ನಿದ್ರೆ ಬಾರದೆ ಬಹಳ ಹೊತ್ತು ಲೆಕ್ಕ ಹಾಕಿದೆ.

ಭಾನುವಾರ ಬೆಳಿಗ್ಗೆ ಎಕ್ಸ್‌ಟೆನ್ಷನ್ ಬೋರ್ಡನ್ನು ಬಲಗಡೆಯಿಂದ ಎಡಗಡೆಗೆ ಸಾಗಿಸಿದೆ. ವೈರು ಅಷ್ಟೇ ಉದ್ದವಾದ್ದರಿಂದ ಅದನ್ನು ಮೇಜಿನ ಮೇಲಿಡುವಂತಿರಲಿಲ್ಲ. ರಾತ್ರಿ ಆಟಕ್ಕೆ ಕುಳಿತಾಗ ಮೊದಲ ದಿಬ್ಬ ಬಂತು, ‘ಸ್ಸ್’ ಬಂತು, ಬಲಗಾಲು ಬರಿಯ ನೆಲವನ್ನು ಒತ್ತಿತು, ಯಾವ ಅನಾಹುತವೂ ಆಗಲಿಲ್ಲ. ದಿಬ್ಬದ ಆಚೆ ಉದ್ದಕ್ಕೆ ನೇರವಾದ ದಾರಿ ಸಿಕ್ಕಿತು. ನಾನು ಬಾಣದ ಕೀಲಿಯನ್ನು ಒತ್ತಿ ಹಿಡಿದೆ, ಎಂಜಿನ್ ಕಿರಿಚತೊಡಗಿತು. ‘ಪಾಪ, ಗಾಡಿ ಇಷ್ಟು ಅರಚುತ್ತಿದೆ, ಟಾಪ್ ಗೇರಿಗೆ ಹಾಕಬಾರದೇ?’ ಎನ್ನುತ್ತ ಮಾವನವರು ಎಡಗಾಲಿನಿಂದ ತಾವೇ ಹಾಕಿದರು.